ಹೆಂಗಸರ ನಗೆಮಾತನ್ನು ಬರೆದಿಡುವುದು ಹೇಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಜಾನಪದದ ಕಿರುಪ್ರಬಂಧಕ್ಕಾಗಿಯೋ ಮಹಿಳಾ ಮಂಡಳದ ನಾಟಕಕ್ಕಾಗಿಯೋ ಹೆಂಗಸರ ಹಾಸ್ಯವನ್ನು ಸಂಗ್ರಹಿಸಲು ಹೊರಟವರು ಸಾಮಾನ್ಯವಾಗಿ ಬರಿಗೈಯಲ್ಲಿ ಮರಳುತ್ತಾರೆ. ಪಡಸಾಲೆಯಲ್ಲಿ ಕುಳಿತು, ವಹಿ ತೆರೆದು, "ಅವ್ವಾರ, ಒಂದು ನಗೆಚಾಟಿಕೆ ಹೇಳ್ರಿ" ಎಂದು ಕೇಳಿದರೆ "ನಮಗೇನ ಬರತೈತ್ರೀ, ಅವರನ್ನ ಕೇಳ್ರಿ" ಎಂಬ ಉತ್ತರ ಬರುತ್ತದೆ. ಯಜಮಾನರು ಕೂಡಲೇ ಮೂರು ಹೇಳಿ ಮುಗಿಸುತ್ತಾರೆ. ಬಂದವರು ಎದ್ದು ಹೋದ ಮೇಲೆ ಅವರ ಪ್ರಶ್ನೆಯನ್ನೇ ಅಣಕಿಸಿ ಅಡುಗೆಮನೆಯಲ್ಲಿ ನಗು ಏಳುತ್ತದೆ. ಆ ನಗುವನ್ನು ಬರಹಕ್ಕೆ ತರುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ವ್ಯತ್ಯಾಸವನ್ನು ಸರಿಯಾಗಿ ಗ್ರಹಿಸಬೇಕು. ಗುಡಿಯ ಕಟ್ಟೆಯ ಮೇಲೆ ಗಂಡಸರು ಹೇಳುವ ಹಾಸ್ಯಕ್ಕೆ ಬಹುಮಟ್ಟಿಗೆ ಕತೆಯ ರೂಪವಿರುತ್ತದೆ: "ಒಬ್ಬಾಂವ ಇದ್ದ" ಎಂದು ಆರಂಭವಾಗಿ, ಕೊನೆಯ ಮಾತಿನಲ್ಲಿ ಏಟು ಬಿದ್ದು, ಎಲ್ಲರೂ ಒಮ್ಮೆಗೇ ನಗುತ್ತಾರೆ. ಆ ಕತೆಗೆ ಹೇಳುವವನೊಬ್ಬನಿರುತ್ತಾನೆ, ಕೇಳುವವರು ಬೇರೆ ಇರುತ್ತಾರೆ. ಜಮಖಂಡಿಯಲ್ಲಿ ಕೇಳಿದ್ದನ್ನು ಗೋಕಾಕದಲ್ಲಿ ಹೇಳಿದರೂ ಅದು ಕೆಡುವುದಿಲ್ಲ. ಹೆಂಗಸರ ನಗೆಮಾತಿಗೆ ಇಂಥ ಒಡೆಯರಿಲ್ಲ. ಅದು ನಾಲ್ಕಾರು ಜನರ ಮಾತಿನಲ್ಲಿ ತುಂಡುತುಂಡಾಗಿ ಬೆಳೆಯುತ್ತದೆ, ನೆರೆದವರೆಲ್ಲರಿಗೂ ಗೊತ್ತಿರುವ ಒಬ್ಬ ವ್ಯಕ್ತಿಯ ಸುತ್ತ ತಿರುಗುತ್ತದೆ, ಮತ್ತು ಆ ವ್ಯಕ್ತಿಯನ್ನು ಅರಿಯದವರಿಗೆ ಅದರಲ್ಲಿ ನಗಲು ಏನೂ ಕಾಣುವುದಿಲ್ಲ.

ಒಂದು ಉದಾಹರಣೆಯನ್ನು ಕಟ್ಟಿ ನೋಡೋಣ. ಮದುವೆಯ ಮನೆಗೆ ರೊಟ್ಟಿ ಬಡಿಯಲು ಓಣಿಯ ಹೆಂಗಸರು ಕೂಡಿದ್ದಾರೆ. ಹೊರಗೆ ಮಾವನವರು ಕೆಮ್ಮುತ್ತಾರೆ. ಸೊಸೆ ಹಿಟ್ಟಿನ ಕೈಯಲ್ಲೇ ಎದ್ದು, "ನಮ್ಮ ಮಾವನೋರು ಚಾ ಬೇಕಾದ್ರ ಬಾಯಿಲೆ ಕೇಳಂಗಿಲ್ಲ, ಕೆಮ್ಮತಾರ" ಎನ್ನುತ್ತಾಳೆ. ನೆಗೆಣ್ಣಿ ತಲೆ ಎತ್ತದೆ, "ಒಂದ ಸಲ ಕೆಮ್ಮಿದ್ರ ಚಾ, ಎರಡ ಸಲ ಕೆಮ್ಮಿದ್ರ ಜಳಕದ ನೀರು" ಎಂದು ಸೇರಿಸುತ್ತಾಳೆ. ಮೂಲೆಯಲ್ಲಿದ್ದ ಅಜ್ಜಿ ಹಂಚಿನ ಮೇಲಿನ ರೊಟ್ಟಿ ತಿರುವುತ್ತ, "ನಮ್ಮವರಿಗೆ ಖರೇನ ಕೆಮ್ಮ ಹತ್ತಿತ್ತ. ದವಾಖಾನಿಗೆ ಒಯ್ಯೂದ್ರೊಳಗ ಮೂರ ಕಪ್ ಚಾ ಕುಡಿಸಿದ್ನಿ" ಎನ್ನುತ್ತಾಳೆ. ಬಡಿಯುವ ಕೈಗಳು ನಿಲ್ಲುತ್ತವೆ. ಅಂದಿನಿಂದ ಆ ಓಣಿಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಮತ್ತೊಬ್ಬರು "ಸಕ್ಕರಿ ಎಷ್ಟ ಹಾಕಲಿ?" ಎಂದು ಕೇಳುವುದು ರೂಢಿಯಾಗಿಬಿಡುತ್ತದೆ. ಅಜ್ಜಿಯ ಮಾತನ್ನಷ್ಟೇ ಎತ್ತಿ ಬರೆದುಕೊಂಡರೆ ಉಳಿಯುವುದು ಒಬ್ಬ ರೋಗಿಯ ಸುದ್ದಿ ಮಾತ್ರ.

ನಗು ಇಂಥ ಮಾತುಗಳ ನಡುವೆಯೇ ಹೆಚ್ಚು ಹುಟ್ಟುತ್ತದೆ ಎಂಬುದಕ್ಕೆ ಹೊರಗಿನ ಆಧಾರವೂ ಇದೆ. ಅಮೆರಿಕದ ಮನಃಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಸಹಜ ಸಂಭಾಷಣೆಗಳಲ್ಲಿ ಕೇಳಿಬಂದ 1,200 ನಗುಗಳನ್ನು ತಮ್ಮ ವಿದ್ಯಾರ್ಥಿಗಳೊಂದಿಗೆ ಗುರುತಿಸಿ 1993ರಲ್ಲಿ ಪ್ರಕಟಿಸಿದರು. ನಗುವಿನ ಹಿಂದೆ ಹಾಸ್ಯವೆನ್ನಬಹುದಾದ ಮಾತು ಇದ್ದುದು ಶೇಕಡಾ 20ಕ್ಕೂ ಕಡಿಮೆ ಸಂದರ್ಭಗಳಲ್ಲಿ. ಮಾತನಾಡುವ ಹೆಂಗಸರು ತಾವು ನಕ್ಕಷ್ಟು ಕೇಳುವ ಗಂಡಸರು ನಗುತ್ತಿರಲಿಲ್ಲ ಎಂಬುದನ್ನೂ ಅವರು ಕಂಡರು. ನ್ಯೂಜಿಲೆಂಡಿನ ಗೆಳೆಯ ಗೆಳತಿಯರ ಮಾತುಕತೆಯನ್ನು ಪರಿಶೀಲಿಸಿದ ಭಾಷಾಶಾಸ್ತ್ರಜ್ಞೆ ಜೆನಿಫರ್ ಹೇ 2000ದಲ್ಲಿ, ಹೆಂಗಸರು ತಮ್ಮ ಸ್ವಂತ ಸಂಗತಿಗಳನ್ನು ಹೇಳಿಕೊಂಡು ನಗುತ್ತ ಪರಸ್ಪರ ಹತ್ತಿರವಾಗುತ್ತಾರೆ ಎಂದು ಬರೆದರು. ಆದರೆ ಇದನ್ನು ಹೆಣ್ಣಿನ ಸ್ವಭಾವವೆಂದು ತೀರ್ಮಾನಿಸಿ ಕೈತೊಳೆದುಕೊಳ್ಳುವುದು ಅವಸರವಾದೀತು. ಮಾನವಶಾಸ್ತ್ರಜ್ಞ ಮಹಾದೇವ ಆಪ್ಟೆ 1985ರಲ್ಲಿಯೇ ಇನ್ನೊಂದು ಕಾರಣವನ್ನು ತೋರಿಸಿದ್ದರು: ನಾಲ್ಕು ಜನರೆದುರು ಹೆಣ್ಣು ನಗಿಸುವುದಕ್ಕೆ ಸಮಾಜ ಕಟ್ಟುಪಾಡು ಹಾಕಿದೆ, ಹೆಂಗಸರಷ್ಟೇ ಇರುವಲ್ಲಿ ಮತ್ತು ವಯಸ್ಸು ಏರಿದಂತೆ ಆ ಕಟ್ಟು ಸಡಿಲುತ್ತದೆ. ನಮ್ಮ ಸೀಮೆಯ ಅಜ್ಜಿಯರ ಬಾಯಿಯನ್ನು ಬಲ್ಲವರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಆದ್ದರಿಂದ ಸ್ಥಳವನ್ನೂ ಕಾಲವನ್ನೂ ಆರಿಸಿಕೊಳ್ಳುವುದೇ ಸಂಗ್ರಹದ ಅರ್ಧ ಕೆಲಸ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದು, ಜೋಕಾಲಿಯ ಸುತ್ತ ಅತ್ತೆಮನೆಯ ಸುದ್ದಿಯನ್ನು ಬಿಚ್ಚುವ ದಿನಗಳು ಅತ್ಯುತ್ತಮ. ಬೇಸಿಗೆಯಲ್ಲಿ ಶ್ಯಾವಿಗೆ ಹೊಸೆಯುವ, ಹಪ್ಪಳ ಲಟ್ಟಿಸುವ ಮಧ್ಯಾಹ್ನಗಳು, ಹೊಲದಲ್ಲಿ ಹತ್ತಿ ಬಿಡಿಸುವ ಸಾಲುಗಳು, ವಿಜಯಪುರದ ಕಡೆ ಒಣದ್ರಾಕ್ಷಿ ಆರಿಸುವ ಶೆಡ್ಡುಗಳು, ಇಳಕಲ್ಲು ಗುಳೇದಗುಡ್ಡಗಳ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವ ಹೊತ್ತು, ಇವೂ ಆಗಬಹುದು. 2023ರ ಜೂನ್ 11ರಂದು ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಗುಂಪಾಗಿ ದೇವರಿಗೆ ಹೋಗಿಬರುವ ಹೆಂಗಸರಿಂದ ಬಸ್ಸೂ ಇಂಥ ಒಂದು ತಾಣವಾಗಿದೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಬಸ್ಸಿನ ಹಿಂದಿನ ಆಸನಗಳಲ್ಲಿ ಕುಳಿತರೆ, ಹೆಂಗಸರು ಊರ ಮುಂದೆ ಬಾಯಿಬಿಡುವುದಿಲ್ಲವೆಂಬ ಮಾತು ಹಳೆಯದಾಗುತ್ತಿರುವುದು ತಿಳಿಯುತ್ತದೆ. ಎಲ್ಲಿಯೇ ಆಗಲಿ, ಕೈಕಟ್ಟಿ ಕೂರಬೇಡಿ. ಕೆಲಸಕ್ಕೆ ಕೈ ಹಚ್ಚಿ. ನಿಮಗೆ ಬಡಿಯಲು ಬಾರದ ರೊಟ್ಟಿಯ ಮೇಲೆ ಅವರು ನಗುವುದರಿಂದಲೇ ನಿಮ್ಮ ಸಂಗ್ರಹ ಆರಂಭವಾಗಲಿ.

ಸಂಗ್ರಾಹಕರು ಗಂಡಸರಾಗಿದ್ದರೆ ಅಕ್ಕನನ್ನೋ ಸಹಪಾಠಿಯನ್ನೋ ಕಳಿಸುವುದು ಮೇಲು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಯಿಂದ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ "ಗರತಿಯ ಹಾಡು" ಎಂಬ ಸಂಕಲನವನ್ನು ಹೊರತಂದದ್ದು ನಿಜ, ಅವರೆಲ್ಲ ಗಂಡಸರೇ. ಆದರೆ ಬೀಸುವ ಪದವನ್ನು ಮಗನಿಗೋ ತಮ್ಮನಿಗೋ ಹೇಳಿ ಬರೆಸಬಹುದು. ಮಾವನ ಕೆಮ್ಮಿನ ಮಾತನ್ನು ಆ ಮಗನೆದುರು ಆಡಲು ಸಾಧ್ಯವೇ?

ಯಾರು ಯಾರನ್ನು ನಗೆಯಾಡಬಹುದು ಎಂಬುದಕ್ಕೆ ಇಲ್ಲಿ ಗಟ್ಟಿಯಾದ ನಿಯಮಗಳಿವೆ. ಅವನ್ನು ತಿಳಿಯದೆ ಬರೆದದ್ದು ಅಪದ್ಧವಾಗುತ್ತದೆ. ವೈನಿ ಮೈದುನನನ್ನು ಕಾಡಬಹುದು, ನಾದಿನಿ ವೈನಿಯನ್ನು ಕೆಣಕಬಹುದು, ಬೀಗತಿಯರು ಒಬ್ಬರ ಮೇಲೊಬ್ಬರು ಪದ ಕಟ್ಟಿ ಮಾನ ಕಳೆಯಬಹುದು, ಆದರೆ ಸೊಸೆ ಮಾವನೊಡನೆ ಎದುರಿಗೆ ನಗೆಯಾಡುವಂತಿಲ್ಲ. ಮಾವನ ಮೇಲಿನ ನಗೆಯೆಲ್ಲ ಬೆನ್ನ ಹಿಂದಿನದು. ಬೀಗರ ಪದಗಳನ್ನು ಕೇಳಿದ ಮೇಲೆ ಹೆಂಗಸರ ಹಾಸ್ಯ ಮೃದುವಾದದ್ದು, ಯಾರನ್ನೂ ನೋಯಿಸದ್ದು ಎಂಬ ಸುಲಭದ ಹೊಗಳಿಕೆಯನ್ನು ಯಾರೂ ಬರೆಯಲಾರರು. ಭಾದ್ರಪದದಲ್ಲಿ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಮಳೆ ಬೆಳೆಯ ಜನಪದ ದೈವ ಜೋಕುಮಾರನನ್ನು ಹೊತ್ತು ಮನೆಮನೆಗೆ ಬರುವ ತಳವಾರ, ಅಂಬಿಗ ಸಮುದಾಯಗಳ ಹೆಂಗಸರು ಅವನ ಚೆಲ್ಲಾಟಗಳನ್ನು ನಡುಬೀದಿಯಲ್ಲಿ ಹಾಡುತ್ತಾರೆ. ಅದೇ ಮಾತನ್ನು ಬೇರೆ ದಿನ ಆಡಿದರೆ ಊರು ಸುಮ್ಮನಿರುವುದಿಲ್ಲ. ಸಭ್ಯತೆಯ ಹೆಸರಿನಲ್ಲಿ ಇಂಥವನ್ನು ಕೈಬಿಟ್ಟರೆ ಸಂಗ್ರಹ ಸುಳ್ಳಾಗುತ್ತದೆ.

ಒಡಪುಗಳನ್ನು ಮಾತ್ರ ಧೈರ್ಯವಾಗಿ ಕೇಳಿ ಬರೆದುಕೊಳ್ಳಬಹುದು, ಏಕೆಂದರೆ ಅವು ಎಲ್ಲರೆದುರು ಹೇಳುವುದಕ್ಕೇ ಇರುವಂಥವು. ಗಂಡನ ಹೆಸರನ್ನು ಬರಿದೆ ಹೇಳಬಾರದೆಂಬ ಪದ್ಧತಿಯನ್ನು ಪಾಲಿಸುತ್ತಲೇ ಪ್ರಾಸದ ನಡುವೆ ಆ ಹೆಸರನ್ನಿಟ್ಟು, ಅವಕಾಶ ಸಿಕ್ಕರೆ ಅವನನ್ನೂ ಒಂದಿಷ್ಟು ಕುಟುಕುವ ಜಾಣತನ ಅಲ್ಲಿದೆ. ಅವುಗಳ ಬಗೆ ಇಂಥದು:

"ಕಟಕ ರೊಟ್ಟಿ, ಕೆನಿಮೊಸರು, ಎಣಗಾಯಿ ಬಡಿಸಿದೆ ತಾಟಿನ ತುಂಬ,
ತಾಟ ಬರಿದಾದ ಮ್ಯಾಲ ಉಪ್ಪಿಲ್ಲಂದ್ರು ಬಸವರಾಜ, ಏನ ಹೇಳಲಿ ಇವರ ಜಂಬ."

ಒಡಪನ್ನು ಬರೆಯುವಾಗ ಅದನ್ನು ಹೇಳಿದವಳು ಹೊಸ ಮದುಮಗಳೋ, ಇಪ್ಪತ್ತು ವರ್ಷ ಸಂಸಾರ ಮಾಡಿದವಳೋ ಎಂಬುದನ್ನು ತಪ್ಪದೆ ದಾಖಲಿಸಿ. ಮೇಲಿನ ಸಾಲುಗಳನ್ನು ಮದುಮಗಳು ಹೇಳಿದರೆ ಅತ್ತೆಯ ಹುಬ್ಬು ಏರುತ್ತದೆ. ಹಳೆಯ ಗೃಹಿಣಿ ಹೇಳಿದರೆ ಆ ಅತ್ತೆಯೇ ಮೊದಲು ನಗುತ್ತಾಳೆ.

ಇನ್ನು ಬರೆಯುವ ವಿಧಾನ. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡುವುದಾದರೆ ಅನುಮತಿ ಬೇಕೇ ಬೇಕು. ಅನುಮತಿ ಕೇಳಿದ ಕ್ಷಣದಿಂದ ಎಲ್ಲರೂ ಆಕಾಶವಾಣಿಗೆ ಮಾತನಾಡಿದಂತೆ ಮಾತನಾಡತೊಡಗುತ್ತಾರೆ. ಹಾಡು, ಒಡಪುಗಳಿಗೆ ಧ್ವನಿಮುದ್ರಣ ಒಳ್ಳೆಯದು. ಹರಟೆಗೆ, ಬರೆಯಲು ಬಂದವರೆಂದು ಮೊದಲೇ ತಿಳಿಸಿ, ಮಾತು ಮುಗಿದ ಮೇಲೆ ಅದೇ ರಾತ್ರಿ ನೆನಪಿನಿಂದ ಬರೆಯುವುದೇ ಉಳಿದಿರುವ ದಾರಿ. ಯಾರ ಮಾತಿನ ಹಿಂದೆ ಯಾರ ಮಾತು ಬಂತು, ಯಾರು ನಗಲಿಲ್ಲ, ಗಂಡಸರು ಒಳಗೆ ಬಂದಾಗ ಮಾತು ಯಾವ ಕಡೆ ತಿರುಗಿತು, ಇವೆಲ್ಲ ಬರಹದಲ್ಲಿ ಇರಲಿ. "ಹೋಗ್ಯಾಳ" ಎಂದದ್ದನ್ನು "ಹೋಗಿದ್ದಾಳೆ" ಎಂದು ತಿದ್ದಬೇಡಿ. ಬೆಳಗಾವಿಯ ಪೇಟೆಯ ಮಾತಿನಲ್ಲಿ ಮರಾಠಿ ಬೆರೆತಿದ್ದರೆ ಹಾಗೆಯೇ ಬಿಡಿ.

1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಈ ಭಾಗದ ಕತೆಗಳನ್ನು ಸಂಗ್ರಹಿಸಿದ ಎ. ಕೆ. ರಾಮಾನುಜನ್, ಮನೆಯೊಳಗೆ ಹೆಂಗಸರು ಹೇಳುವ ಕತೆಗಳಲ್ಲಿ ಪಾತ್ರಗಳಿಗೆ ಹೆಸರಿರುವುದಿಲ್ಲ ಎಂಬುದನ್ನು ಗುರುತಿಸಿದ್ದರು. ನಗೆಮಾತಿನಲ್ಲಿಯೂ ಹೆಸರು ಬರುವುದಿಲ್ಲ, "ಇವರು", "ಅವರು", "ದೊಡ್ಡಮನಿಯಾಕಿ" ಎಂದಷ್ಟೇ ಬರುತ್ತದೆ. ಆದರೆ ಕತೆಯ ರಾಜಕುಮಾರಿ ಯಾರೂ ಆಗಬಹುದು, ಇಲ್ಲಿಯ "ಅವರು" ಹೊರಗೆ ಪೇಪರು ಓದುತ್ತ ಕುಳಿತಿರುತ್ತಾರೆ. ಹಾಗಾಗಿ ಪ್ರತಿಯೊಂದು ಸರ್ವನಾಮದ ಎದುರು ನಿಜವಾದ ಸಂಬಂಧವನ್ನು ನಿಮ್ಮ ವಹಿಯಲ್ಲಿ ಬರೆದುಕೊಳ್ಳಿ, ಪ್ರಕಟಿಸುವಾಗ ಊರು, ಮನೆತನ ಎರಡನ್ನೂ ಬದಲಿಸಿ. ಸಣ್ಣ ಊರಿನಲ್ಲಿ ಹೆಸರೊಂದನ್ನು ಮರೆಸಿದರೆ ಸಾಲದು, ಕೆಮ್ಮಿನಿಂದಲೇ ಮಾವನನ್ನು ಗುರುತಿಸುತ್ತಾರೆ.

ಸಂಗ್ರಹವನ್ನು ರಂಗಕ್ಕೆ ತರುವವರಿಗೆ ಒಂದು ಎಚ್ಚರಿಕೆ. ಹಾಸ್ಯಸಂಜೆಗಳ ರೂಢಿಯಂತೆ ಒಬ್ಬಳ ಕೈಗೆ ಮೈಕು ಕೊಟ್ಟು ಎಲ್ಲವನ್ನೂ ಹೇಳಿಸಿದರೆ ಅದು ಗಂಡಸರ ನಗೆಹನಿಯಾಗಿ ಮಾರ್ಪಡುತ್ತದೆ, ಸೀರೆಯೊಂದೇ ವ್ಯತ್ಯಾಸ. ನಾಲ್ವರನ್ನು ಕೂರಿಸಿ, ಕೈಗೆ ಕೆಲಸ ಕೊಡಿ, ಒಬ್ಬರ ಮಾತಿನ ಮೇಲೆ ಒಬ್ಬರ ಮಾತು ಬೀಳಲಿ, ನಗುವಿಗಾಗಿ ನಿಲ್ಲಿಸಿ ಕಾಯುವುದು ಬೇಡ. ಶ್ರೀಕೃಷ್ಣ ಪಾರಿಜಾತದ ಬಯಲಾಟವನ್ನು ನೋಡಿದವರು ಮಾತಿಗೆ ಮಾತು ಕೊಡುವ ಗೊಲ್ಲತಿಯ ಚುರುಕನ್ನು ಗಮನಿಸಿರುತ್ತಾರೆ. ಆ ವೇಗ ಬೇಕು.

ಪ್ರದರ್ಶನಕ್ಕೆ ಮೊದಲು ಬರೆದದ್ದನ್ನು ಆ ಹೆಂಗಸರ ಮುಂದೆಯೇ ಓದಿ ತೋರಿಸಿ. ಕೆಲವನ್ನು ಹೊಡೆದು ಹಾಕಲು ಹೇಳುತ್ತಾರೆ, ಚರ್ಚಿಸದೆ ಹೊಡೆದು ಹಾಕಿ. ಕೆಲವು ಕಡೆ "ಹಂಗಲ್ಲ, ಆಕಿ ಅಂದಿದ್ದು ಬ್ಯಾರೆ" ಎಂದು ತಿದ್ದುತ್ತ ಹೊಸದನ್ನೇ ಸೇರಿಸುತ್ತಾರೆ, ಅಷ್ಟರಲ್ಲಿ ಮೂರನೆಯವಳು ಬಾಯಿ ಹಾಕುತ್ತಾಳೆ. ಪೆನ್ನು ಹಿಡಿದೇ ಹೋಗಿರಿ.