ನಿವೃತ್ತಿಯ ಲೆಕ್ಕ ಹಾಕುವ ಮುಂಚೆ ಮನೆಯವರ ಬಿಪಿ, ಶುಗರ್ ಬರೆದಿಡಿ

ಮೈಸೂರಿಗೆ ಪಿಂಚಣಿದಾರರ ಸ್ವರ್ಗ ಅಂತ ಹೆಸರು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಒಂದು ಸುತ್ತು ಹಾಕಿದರೆ ಸಾಕು, ಪಿಂಚಣಿ, ಎಫ್‌ಡಿ ಬಡ್ಡಿ, ಮಂಡಿನೋವು ಮೂರೂ ಕಿವಿಗೆ ಬೀಳುತ್ತವೆ. ಆದರೆ ಪ್ಲಾನ್ ಮಾಡುವಾಗ ನಾವು ಮೊದಲ ಎರಡನ್ನೇ ಹಿಡಿದು ಕೂರುತ್ತೇವೆ. ನಮ್ಮ ತಂದೆಯೂ ಹಾಗೇ ಮಾಡಿದ್ದರು. 60ಕ್ಕೆ ನಿವೃತ್ತಿ, ಆಮೇಲೆ ಮಂಡ್ಯದ ಹತ್ತಿರ ನಮ್ಮೂರಿನಲ್ಲಿ ತೋಟ. 56ಕ್ಕೆ ಲಕ್ವ ಹೊಡೆಯಿತು. ಅವರನ್ನು ನೋಡಿಕೊಳ್ಳಲು ಅಮ್ಮನೂ ಕೆಲಸ ಬಿಟ್ಟರು. ಒಂದೇ ವರ್ಷದಲ್ಲಿ ಎರಡು ಸಂಬಳ ನಿಂತವು.

ಹಾಗಾಗಿ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಚಿಕ್ಕಪ್ಪ, ಸೋದರಮಾವ, ಯಾರಿಗೆ ಯಾವ ಕಾಯಿಲೆ, ಎಷ್ಟನೇ ವಯಸ್ಸಿಗೆ ಬಂತು ಅಂತ ಬರೆಯಿರಿ. ಗಂಡನ ಕಡೆಯದು, ಹೆಂಡತಿ ಕಡೆಯದು ಎರಡೂ ಬೇಕು. ಮದುವೆ, ತಿಥಿ ಅಂತ ಎಲ್ಲರೂ ಸೇರಿದಾಗ ಹಿರಿಯರನ್ನು ಕೇಳಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಮನೆತನದಲ್ಲಿ ಐವತ್ತೈದರ ಆಸುಪಾಸಿಗೇ ಹೃದಯದ ತೊಂದರೆ ಬಂದಿದ್ದರೆ, ನಿಮ್ಮ ಸಂಬಳ ಐದು ವರ್ಷ ಮುಂಚೆಯೇ ನಿಂತರೆ ಏನು ಅಂತ ಇನ್ನೊಂದು ಲೆಕ್ಕ ಹಾಕಿ. ಯಾರಾದರೂ ಹಾಸಿಗೆ ಹಿಡಿದರೆ ನೋಡಿಕೊಳ್ಳಲು ಯಾರು ಕೆಲಸ ಬಿಡಬೇಕಾಗುತ್ತದೆ? ಆ ಹೆಸರನ್ನೂ ಬರೆಯಿರಿ. ಸಾಮಾನ್ಯವಾಗಿ ಮನೆಯ ಹೆಂಗಸರದ್ದೇ ಆಗಿರುತ್ತದೆ, ಅವರನ್ನು ಕೇಳದೆ ಬರೆಯಬೇಡಿ.

ಆಮೇಲೆ ಒಂದು ವರ್ಷದ ಮಾತ್ರೆಯ ಬಿಲ್ಲುಗಳನ್ನು ಕೂಡಿಸಿ. ಅದೇ ಔಷಧ ಜನೌಷಧಿ ಕೇಂದ್ರದಲ್ಲಿ ತುಂಬ ಕಡಿಮೆಗೆ ಸಿಗಬಹುದು, ಡಾಕ್ಟರನ್ನು ಕೇಳಿ ಬದಲಿಸಿ.

ಇನ್ನು ಇನ್ಶೂರೆನ್ಸ್. ಕಂಪನಿ ಕೊಡುವ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತದೆ. ಆದ್ದರಿಂದ ಆರೋಗ್ಯ ಚೆನ್ನಾಗಿರುವಾಗಲೇ ಸ್ವಂತದ್ದೊಂದು ಪಾಲಿಸಿ ಮಾಡಿಸಿ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ಪಾಲಿಸಿ ಕೊಳ್ಳಲು ಅವಕಾಶವಿದೆ, ನಿಜ. ಆದರೆ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. 60ಕ್ಕೆ ಮಾಡಿಸಿದರೆ ಶುಗರ್‌ನಿಂದ ಬರುವ ತೊಂದರೆಗೆ 63ರವರೆಗೆ ಕೈಯಿಂದಲೇ ಕಟ್ಟಬೇಕಾಗಬಹುದು. ಮತ್ತೆ, ಕಾಯಿಲೆ ಮುಚ್ಚಿಡಲೇಬೇಡಿ. ನಮ್ಮ ಚಿಕ್ಕಪ್ಪ ಏಜೆಂಟ್ ಮಾತು ಕೇಳಿ ಬಿಪಿ ಇರುವುದನ್ನು ಬರೆಯಲಿಲ್ಲ, ಎರಡನೇ ವರ್ಷ ಆಸ್ಪತ್ರೆ ಸೇರಿದಾಗ ಕ್ಲೇಮ್ ತಿರಸ್ಕಾರವಾಯಿತು. ವಯಸ್ಸಾದಂತೆ ಪ್ರೀಮಿಯಂ ಏರುತ್ತದೆ, ಅದನ್ನೂ ತಿಂಗಳ ಖರ್ಚಿನಲ್ಲಿ ಸೇರಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಅಷ್ಟು ಭಾರ ಇಳಿದಿದೆ. ಹಾಲಿನ ಡೇರಿಯಲ್ಲೋ ಸೊಸೈಟಿಯಲ್ಲೋ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆಗೆ ಯಾವಾಗ ನೋಂದಣಿ ಅಂತ ಕಾರ್ಯದರ್ಶಿಯನ್ನು ಕೇಳಿ. ಅದರಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ.

ನಿವೃತ್ತಿಯಲ್ಲಿ ಬಂದ ದುಡ್ಡನ್ನೆಲ್ಲ ಒಂದೇ ಕಡೆ ಕಟ್ಟಿಹಾಕಬೇಡಿ. ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆ ಒಳ್ಳೆಯದೇ, 30 ಲಕ್ಷದವರೆಗೆ ಇಡಬಹುದು. ಆದರೆ ವರ್ಷದೊಳಗೆ ಮುರಿದರೆ ಬಡ್ಡಿಯೇ ಇಲ್ಲ, 2 ವರ್ಷದೊಳಗಾದರೆ ಅಸಲಿನಲ್ಲಿ ಶೇ 1.5, ಆಮೇಲೆ ಶೇ 1 ಹಿಡಿಯುತ್ತಾರೆ. ರಾತ್ರಿ ಹನ್ನೆರಡಕ್ಕೆ ಆಸ್ಪತ್ರೆಗೆ ಓಡಿದರೂ ಕೈಗೆ ಸಿಗುವಂಥ ದುಡ್ಡು ಬೇರೆ ಇರಲಿ. ಅದು ಇಬ್ಬರಲ್ಲಿ ಯಾರು ಸಹಿ ಹಾಕಿದರೂ ತೆಗೆಯಬಹುದಾದ ಜಂಟಿ ಖಾತೆಯಲ್ಲಿರಲಿ. ಅಪ್ಪನ ಬಲಗೈ ಬಿದ್ದುಹೋಗಿತ್ತು, ಸಹಿ ಬರುತ್ತಿರಲಿಲ್ಲ, ಖಾತೆ ಅವರೊಬ್ಬರ ಹೆಸರಲ್ಲೇ ಇತ್ತು. ಅಮ್ಮ ಬ್ಯಾಂಕಿಗೆ ಅಲೆದಿದ್ದು ನನಗೆ ಇನ್ನೂ ಮರೆತಿಲ್ಲ. ಜಿಪಿಎ, ಅಂದರೆ ನಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ, ಇದೆಯಲ್ಲ ಅಂತ ಸುಮ್ಮನಿರಬೇಡಿ, ಬರೆದುಕೊಟ್ಟವರ ಬುದ್ಧಿಸ್ಥಿಮಿತ ಹೋದರೆ ಅದು ನಡೆಯುವುದಿಲ್ಲ.

ಕೊನೆಗೆ ಮನೆ. ಈಗ ಕಟ್ಟಿಸುವವರೆಲ್ಲ ಮಲಗುವ ಕೋಣೆಗಳನ್ನು ಮಹಡಿಗೆ ಏರಿಸುತ್ತಾರೆ, ಅಲ್ವಾ? ಒಂದಾದರೂ ಕೆಳಗಿರಲಿ. ಬಚ್ಚಲಿನ ಬಾಗಿಲು ಗಾಲಿಕುರ್ಚಿ ನುಗ್ಗುವಷ್ಟು ಅಗಲ ಇರಲಿ. ನಮ್ಮ ಮನೆಯದು ಇರಲಿಲ್ಲ. ಅಪ್ಪ ಆಸ್ಪತ್ರೆಯಿಂದ ಬರುವ ಹಿಂದಿನ ದಿನ ಗೋಡೆ ಒಡೆಸಿ ಬಾಗಿಲು ಅಗಲ ಮಾಡಿಸಿದೆವು. ಆ ಖರ್ಚನ್ನು ಅವರ ನಿವೃತ್ತಿ ಲೆಕ್ಕದ ಡೈರಿಯ ಯಾವ ಪುಟದಲ್ಲೂ ಬರೆದಿರಲಿಲ್ಲ.