ಹೊಂಗೆಯ ನೆರಳಿಗೊಂದು ಕಟ್ಟೆ

ಕಟ್ಟೆ ಎಲ್ಲಿ ಬೇಕೆಂದು ಸಭೆ ಕರೆದು ತೀರ್ಮಾನಿಸುವ ಮೊದಲು ಒಂದು ವಾರ ಸುಮ್ಮನೆ ನೋಡಿ. ಸಂಜೆ ನಾಲ್ಕರ ಬಿಸಿಲಿನಲ್ಲಿ ಸೊಪ್ಪಿನ ಗಾಡಿ ಎಲ್ಲಿ ನಿಲ್ಲುತ್ತದೆ? ಶಾಲೆಯ ವ್ಯಾನಿಗೆ ಕಾಯುವ ಅಜ್ಜಿಯರು ಯಾವ ನೆರಳು ಹುಡುಕಿ ನಿಲ್ಲುತ್ತಾರೆ? ಜಾಗವನ್ನು ಅವರು ಆಗಲೇ ಆರಿಸಿಟ್ಟಿರುತ್ತಾರೆ. ನಮ್ಮ ಬಡಾವಣೆಯಲ್ಲಿ ಅದು ಉದ್ಯಾನದ ಮೂಲೆಯ ಹೊಂಗೆ ಮರ. ತೆಂಗಿನ ಕೆಳಗಂತೂ ಬೇಡ, ಕಾಯಿ ಬೀಳುತ್ತದೆ. ಅರಳಿಯ ಬೇರು ದಪ್ಪವಾಗುತ್ತಾ ಕಲ್ಲನ್ನೇ ಎತ್ತಿಬಿಡುತ್ತದೆ, ಅದಕ್ಕೆ ಬಹಳ ವಿಶಾಲವಾದ ಜಾಗ ಬೇಕು.

ಉದ್ಯಾನ, ರಸ್ತೆಬದಿ ಎರಡೂ ಸಾರ್ವಜನಿಕ ಸ್ವತ್ತು. ಕರ್ನಾಟಕದಲ್ಲಿ ಉದ್ಯಾನಗಳಿಗೆ 1985ರ ಕಾಯ್ದೆಯ ರಕ್ಷಣೆ ಇದೆ, ಮರಗಳಿಗೆ 1976ರ ಕಾಯ್ದೆಯದು. ಆದ್ದರಿಂದ ಕೈಯಲ್ಲಿ ಬರೆದ ನಕ್ಷೆಯೊಂದಿಗೆ ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಸ್ವೀಕೃತಿಯ ಮುದ್ರೆ ಪಡೆಯಿರಿ. ಲಿಖಿತ ಒಪ್ಪಿಗೆ ಬರುವವರೆಗೆ ಗುದ್ದಲಿ ಮುಟ್ಟಬೇಡಿ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್ ಎಲ್ಲಿ ಹಾದುಹೋಗಿವೆ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

ಇನ್ನು ಮರದ ಮಾತು. ನಮ್ಮ ಮೊದಲ ಕಟ್ಟೆಯನ್ನು ನಾವು ತಪ್ಪಾಗಿ ಕಟ್ಟಿದ್ದೆವು. ಸುತ್ತ ಗೋಡೆ ಎಬ್ಬಿಸಿ, ಒಳಗೆ ಒಂದೂವರೆ ಅಡಿ ಮಣ್ಣು ತುಂಬಿ, ಮೇಲೆ ಸಿಮೆಂಟು ಬಳಿದೆವು. ಎರಡು ವರ್ಷದಲ್ಲಿ ಕೊಂಬೆಗಳ ತುದಿ ಒಣಗತೊಡಗಿತು. ಬೇರಿಗೂ ಗಾಳಿ ಬೇಕು. ಬುಡಕ್ಕೆ ಮಣ್ಣೇರಿಸಿದರೆ ಬೇರು ಉಸಿರುಗಟ್ಟುತ್ತದೆ, ಕಾಂಡದ ತೊಗಟೆ ಕೊಳೆಯುತ್ತದೆ. ಗೋಡೆ ಒಡೆದು ಮಣ್ಣು ಹೊತ್ತು ಹಾಕಿದ ಆ ಭಾನುವಾರ, ಬುಡದಲ್ಲಿ ಕಪ್ಪಾಗಿದ್ದ ತೊಗಟೆಯನ್ನು ಕೈಯಿಂದ ಸವರಿ ನೋಡಿದ್ದು ಇನ್ನೂ ಮರೆತಿಲ್ಲ. ಹಾಗಾಗಿ ಸುತ್ತುಗೋಡೆ ಬೇಡ, ಕಲ್ಲಿನ ಕಂಬಗಳ ಮೇಲೆ ಚಪ್ಪಡಿ ಸಾಕು.

ಕಾಂಡಕ್ಕೆ ಹಗ್ಗದ ಸಡಿಲ ಕುಣಿಕೆ ಹಾಕಿ, ನಾಲ್ಕು ಅಡಿ ದೂರದಲ್ಲಿ ಗೂಟ ಕಟ್ಟಿ ಸುತ್ತು ಬನ್ನಿ. ಗೆರೆಯ ಮೇಲೆ ರಂಗೋಲಿ ಪುಡಿ ಉದುರಿಸಿ. ಇದು ಆಸನಗಳ ಒಳ ಅಂಚು. ಕಾಂಡ ಒಂದು ಅಡಿ ದಪ್ಪವಿದ್ದರೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಎಂಟು ಚಪ್ಪಡಿಗಳು ನಡುವೆ ಸಂದು ಬಿಟ್ಟು ಕೂರುತ್ತವೆ. ಏಳನ್ನೇ ತರಿಸಿ. ಎಂಟನೆಯ ಜಾಗ ಗಾಲಿಕುರ್ಚಿಯವರದು. ಅವರು ಎಲ್ಲರ ಜೊತೆ ಸುತ್ತಿನೊಳಗೇ ಇರಬೇಕು, ಪಕ್ಕದಲ್ಲಲ್ಲ.

ಚಪ್ಪಡಿಗೆ ಎರಡರಂತೆ ಹದಿನಾಲ್ಕು ಕಂಬ. ಎರಡೂಮುಕ್ಕಾಲು ಅಡಿಯ ಕಂಬದಲ್ಲಿ ಒಂದೂವರೆ ಅಡಿ ನೆಲದೊಳಗೆ ಹೋಗಲಿ. ಗುಂಡಿಗಳನ್ನು ಕೈಯಲ್ಲೇ ತೋಡಿ. ಹೆಬ್ಬೆರಳಿಗಿಂತ ದಪ್ಪ ಬೇರು ಸಿಕ್ಕರೆ ಕಡಿಯಬೇಡಿ, ಗುಂಡಿಯನ್ನೇ ಒಂದು ಗೇಣು ಸರಿಸಿ. ಕಂಬ ನಿಲ್ಲಿಸಿ, ತೂಕದ ಗುಂಡು ಹಿಡಿದು ನೇರ ನೋಡಿ, ಜಲ್ಲಿ ಕಾಂಕ್ರೀಟು ಹಾಕಿ ದಮ್ಮಸ್ಸು ಮಾಡಿ. ಒಂದು ವಾರ ಗೋಣಿಚೀಲ ಸುತ್ತಿ ನೀರು ಹನಿಸುತ್ತಿರಿ. ಈ ಕೆಲಸಕ್ಕೆ ಒಬ್ಬ ಮೇಸ್ತ್ರಿಯನ್ನು ಕರೆಸಿ, ಅವರಿಗೆ ಪೂರ್ತಿ ಕೂಲಿ ಕೊಡಿ. ಸ್ವಯಂಸೇವೆ ನಮ್ಮ ಸಂತೋಷಕ್ಕೆ, ಅದು ಅವರ ದಿನದ ಅನ್ನ.

ಮೂರು ಇಂಚು ದಪ್ಪದ ಒಂದು ಚಪ್ಪಡಿ ಸುಮಾರು 85 ಕಿಲೋ ತೂಗುತ್ತದೆ. ನಾಲ್ಕು ಜನ ಬೇಕು, ಹಾರೆ ಬೇಕು, ‘ಎತ್ತಿ’, ‘ಇಳಿಸಿ’ ಎಂದು ಹೇಳುವ ಧ್ವನಿ ಮಾತ್ರ ಒಂದೇ ಇರಲಿ. ಕಾಲಿಗೆ ಶೂ ಕಡ್ಡಾಯ, ಮಕ್ಕಳು ದೂರ. ನೆಲದಿಂದ ಚಪ್ಪಡಿಯ ಮೇಲ್ಮೈಗೆ ಒಂದೂವರೆ ಅಡಿ ಬರಬೇಕು. ಅದಕ್ಕಿಂತ ತಗ್ಗಿದ್ದರೆ ಮಂಡಿನೋವಿನವರು ಏಳಲಾರರು. ಹೊರ ಅಂಚಿನ ಚೂಪನ್ನು ಮೊದಲೇ ಉಜ್ಜಿಸಿ. ಕಂಬದ ತಲೆಗೆ ಗಾರೆ ಹಾಕಿ ಕೂರಿಸಿ, ರಸಮಟ್ಟ ಇಟ್ಟು ಸಮ ನೋಡಿ. ಮಳೆನೀರು ನಿಲ್ಲದಂತೆ ಹೊರಕ್ಕೆ ಕೂದಲೆಳೆಯಷ್ಟು ವಾಟ, ಅಂದರೆ ಇಳಿಜಾರು, ಸಾಕು. ಇದಕ್ಕೂ ಒಂದು ವಾರ ನೀರುಣಿಸಿ, ಅಲ್ಲಿಯವರೆಗೆ ಯಾರೂ ಕೂರದಂತೆ ಹಗ್ಗ ಕಟ್ಟಿ.

ದಾನಿಗಳ ಹೆಸರು ಕೆತ್ತಿಸುವ ಮಾತು ಬಂದೇ ಬರುತ್ತದೆ. ಬೇಡವೆನ್ನಿ. ಹೆಸರಿರುವ ಕಲ್ಲಿನ ಮೇಲೆ ಹಣ ಕೊಡಲಾಗದ ಮನೆಯವರು ಮುದುಡಿ ಕೂರುತ್ತಾರೆ.

ಗುಡಿಸುವ ಪಾಳಿಯನ್ನು ಮಾತ್ರ ಬರೆದಿಡಿ, ವಾರಕ್ಕೆ ಎರಡು ಮನೆ. ಬೇಸಿಗೆಯಲ್ಲಿ ಹೊಂಗೆ ರಾಶಿ ಹೂ ಉದುರಿಸುತ್ತದೆ. ಅದನ್ನು ಕಸದ ಗಾಡಿಗೆ ಹಾಕದೆ ಮರದ ಬುಡಕ್ಕೇ ಗುಡಿಸಿ, ಕಾಂಡಕ್ಕೆ ತಾಗದಂತೆ ತೆಳ್ಳಗೆ ಹರಡಿ.