ಎರಡನೇ ಪುಟ ತೆರೆಯುತ್ತಿಲ್ಲವೇ? ಹಳೆಯ ಸರ್ವರ್‌ನ ಪುಟ ದೋಷ ಸರಿಪಡಿಸುವುದು ಹೇಗೆ

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಸೀಸನ್ ಏರಿತೆಂದರೆ ಮಂಡಿ ಗುಮಾಸ್ತರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ರೈತನ ಹೆಸರು, ಊರು, 15 ಕೆ.ಜಿ.ಯ ಬಾಕ್ಸ್ ಎಷ್ಟು, ಹರಾಜಿನಲ್ಲಿ ನಿಂತ ದರ ಎಷ್ಟು ಎಂದು ಒಂದರ ಹಿಂದೊಂದು ಪಟ್ಟಿ ಕಂಪ್ಯೂಟರಿಗೆ ಏರುತ್ತಲೇ ಇರುತ್ತದೆ. 2023ರ ಜುಲೈನಲ್ಲಿ ಬಾಕ್ಸ್ ದರ 2,000 ರೂಪಾಯಿ ದಾಟಿತ್ತು; ಅಂಥ ದಿನ ಒಂದು ಪಟ್ಟಿ ಕಾಣೆಯಾದರೆ ರೈತನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದು ಇಲ್ಲಿನವರಿಗೆ ಗೊತ್ತು. ಹಣ ಕೇಳಲು ರೈತ ಎದುರಿಗೆ ನಿಂತಿರುವಾಗಲೇ ‘ಹಿಂದಿನ ಪಟ್ಟಿಗಳು’ ಪರದೆಯಲ್ಲಿ ಎರಡನೇ ಪುಟ ಒತ್ತಿ, ಪಟ್ಟಿಯ ಬದಲು ಇಂಗ್ಲಿಷಿನ ದೋಷ ಸಂದೇಶ ಬಂದರೆ ಡೇಟಾವೇ ಹೋಯಿತೇನೋ ಎಂಬ ಗಾಬರಿ ಸಹಜ.

ಡೇಟಾ ಹೋಗಿರುವುದಿಲ್ಲ. ಈ ದೋಷದಲ್ಲಿ ಸರ್ವರ್ ಹೇಳುತ್ತಿರುವುದು ಇಷ್ಟೇ: ‘ನೀವು ಕೇಳಿದ ರೀತಿ ನನಗೆ ಅರ್ಥವಾಗಲಿಲ್ಲ.’ ಪ್ರೋಗ್ರಾಂ ಹೊಸದು, ಸರ್ವರ್ ಹಳೆಯದು. ಹಾಗಾಗಿ ಟೇಬಲ್‌ಗೆ ಕೈ ಹಾಕುವುದು, ಡೇಟಾಬೇಸ್ ‘ರಿಪೇರಿ’ ಮಾಡುವುದು, ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವುದು ಯಾವುದೂ ಬೇಡ. ಮಂಡಿ, ಸಹಕಾರ ಸಂಘ, ಶಾಲೆ, ಅಂಗಡಿ ಎಲ್ಲೇ ಆಗಲಿ, ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ ಮೇಲೆ ಓಡುವ ಲೆಕ್ಕದ ತಂತ್ರಾಂಶ ನೋಡಿಕೊಳ್ಳುವವರಿಗಾಗಿ ಈ ಲೇಖನ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಮೊದಲು ಸಂದೇಶ ಓದಿ

‘ಇನ್‌ಕರೆಕ್ಟ್ ಸಿಂಟ್ಯಾಕ್ಸ್ ನಿಯರ್ ಆಫ್‌ಸೆಟ್’ ಎಂಬ ಸಾಲು, ಅದರ ಜೊತೆಗೆ ‘ಇನ್‌ವ್ಯಾಲಿಡ್ ಯೂಸೇಜ್ ಆಫ್ ದಿ ಆಪ್ಷನ್ ನೆಕ್ಸ್ಟ್ ಇನ್ ದಿ ಫೆಚ್ ಸ್ಟೇಟ್‌ಮೆಂಟ್’ ಎಂಬ ಇನ್ನೊಂದು ಸಾಲು ಕಂಡರೆ ನೀವು ಸರಿಯಾದ ಲೇಖನವನ್ನೇ ಓದುತ್ತಿದ್ದೀರಿ. ಮೊದಲನೆಯದರ ದೋಷ ಸಂಖ್ಯೆ 102, ಎರಡನೆಯದು 153.

ಸಾವಿರಾರು ಪಟ್ಟಿಗಳನ್ನು ಒಮ್ಮೆಗೇ ತಂದರೆ ಪರದೆ ಹೆಪ್ಪುಗಟ್ಟುತ್ತದೆ. ಅದಕ್ಕೇ ಪ್ರೋಗ್ರಾಂಗಳು ಇಪ್ಪತ್ತಿಪ್ಪತ್ತು ಸಾಲು ತರಿಸಿಕೊಳ್ಳುತ್ತವೆ. ಪುಟಕ್ಕೆ 20 ಸಾಲು ಎಂದಿಟ್ಟುಕೊಂಡರೆ ಮೂರನೇ ಪುಟಕ್ಕೆ ಅವು ಕೇಳುವುದು ‘ಆಫ್‌ಸೆಟ್ 40 ರೋಸ್ ಫೆಚ್ ನೆಕ್ಸ್ಟ್ 20 ರೋಸ್ ಓನ್ಲಿ’, ಅಂದರೆ ಮೊದಲ 40 ಬಿಟ್ಟು ಮುಂದಿನ 20 ಕೊಡು ಎಂದು. ಈ ವಾಕ್ಯರಚನೆ ಎಸ್‌ಕ್ಯುಎಲ್ ಸರ್ವರ್‌ಗೆ ಬಂದದ್ದು 2012ರ ಆವೃತ್ತಿಯಲ್ಲಿ. 2005, 2008, 2008 ಆರ್2 ಆವೃತ್ತಿಗಳಿಗೆ ಅದು ಗೊತ್ತೇ ಇಲ್ಲ, ಯಾವ ಸರ್ವಿಸ್ ಪ್ಯಾಕ್ ಹಾಕಿದರೂ ಬರುವುದಿಲ್ಲ.

ಮೊದಲ ಪುಟ ಮಾತ್ರ ಸರಿಯಾಗಿ ತೆರೆಯುತ್ತದಲ್ಲ ಎಂದು ಕೆಲವರು ಗೊಂದಲಕ್ಕೆ ಬೀಳುತ್ತಾರೆ. ಮೊದಲ ಪುಟಕ್ಕೆ ಏನನ್ನೂ ಬಿಡಬೇಕಿಲ್ಲ, ‘ಟಾಪ್ 20’ ಎಂದರೆ ಸಾಕು. ಹಲವು ಪ್ರೋಗ್ರಾಂಗಳು ಹಾಗೆಯೇ ಕೇಳುತ್ತವೆ, ಟಾಪ್ ಹಳೆಯ ಸರ್ವರ್‌ಗೂ ಗೊತ್ತು.

ಸರ್ವರ್‌ನ ವಯಸ್ಸು ಸರ್ವರ್‌ನನ್ನೇ ಕೇಳಿ

ಈ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ. ‘ನಮ್ಮದು ಹೊಸ ಸರ್ವರ್ರೇ’ ಎಂಬ ನಂಬಿಕೆಯ ಮೇಲೆ ಕೋಡ್ ತಿದ್ದಲು ಕೂತರೆ ಇಡೀ ದಿನ ಹಾಳಾಗುತ್ತದೆ. ಸರ್ವರ್ ನೋಡಿಕೊಳ್ಳುವ ಮೈಕ್ರೋಸಾಫ್ಟ್‌ನ ಉಪಕರಣ ಮ್ಯಾನೇಜ್‌ಮೆಂಟ್ ಸ್ಟುಡಿಯೊ ತೆರೆದು, ಪ್ರೋಗ್ರಾಂ ಬಳಸುವ ಸರ್ವರ್‌ಗೇ ಕನೆಕ್ಟ್ ಆಗಿ, ‘ಸೆಲೆಕ್ಟ್ @@ವರ್ಷನ್’ ಎಂದು ಬರೆದು ಓಡಿಸಿ. ಬರುವ ಉತ್ತರದಲ್ಲಿ ಆವೃತ್ತಿಯ ಸಂಖ್ಯೆ ಇರುತ್ತದೆ. 9ರಿಂದ ಶುರುವಾದರೆ ಅದು 2005, 10.0 ಆದರೆ 2008, 10.50 ಆದರೆ 2008 ಆರ್2. 11 ಎಂದರೆ 2012. ಅಲ್ಲಿಂದ ಮುಂದೆ 12 ಎಂದರೆ 2014, 13 ಎಂದರೆ 2016, 14 ಎಂದರೆ 2017, 15 ಎಂದರೆ 2019, 16 ಎಂದರೆ 2022.

ಸ್ಟುಡಿಯೊದ ‘ಹೆಲ್ಪ್’ ಮೆನುವಿನಲ್ಲಿ ಕಾಣುವ ಆವೃತ್ತಿ ಸ್ಟುಡಿಯೊದ್ದು, ಸರ್ವರ್‌ನದಲ್ಲ. ನಿನ್ನೆ ಮೊನ್ನೆ ಇಳಿಸಿಕೊಂಡ ಸ್ಟುಡಿಯೊದಿಂದ ಹದಿನೈದು ವರ್ಷ ಹಳೆಯ ಸರ್ವರ್‌ಗೆ ಕನೆಕ್ಟ್ ಆಗಿ ‘ಎಲ್ಲಾ ಹೊಸದೇ ಇದೆ’ ಎಂದು ಹೇಳುವವರು ಬಹಳ ಮಂದಿ.

ಇನ್ನೊಂದು ತೊಡಕು: ಒಂದೇ ಕಂಪ್ಯೂಟರಿನಲ್ಲಿ ಎರಡು ಇನ್‌ಸ್ಟನ್ಸ್, ಅಂದರೆ ಬೇರೆಬೇರೆಯಾಗಿ ಓಡುವ ಎರಡು ಎಸ್‌ಕ್ಯುಎಲ್ ಸರ್ವರ್, ಇರಬಹುದು. ಹಿಂದಿನವರು ಹಾಕಿದ 2008 ಎಕ್ಸ್‌ಪ್ರೆಸ್ ಒಂದು, ಆಮೇಲೆ ಬಂದವರು ಹಾಕಿದ 2019 ಇನ್ನೊಂದು. ಪ್ರೋಗ್ರಾಂನ ಕಾನ್ಫಿಗ್ ಫೈಲ್‌ನಲ್ಲಿ ಕನೆಕ್ಷನ್ ಸ್ಟ್ರಿಂಗ್ (ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಸಾಲು) ಹುಡುಕಿ, ಅಲ್ಲಿರುವ ಸರ್ವರ್ ಹೆಸರು ನೋಡಿ. ‘ಸೆಲೆಕ್ಟ್ @@ಸರ್ವರ್‌ನೇಮ್’ ಕೊಡುವ ಹೆಸರಿಗೂ ಅದಕ್ಕೂ ತಾಳೆಯಾಗಬೇಕು.

ಸಂಖ್ಯೆ 11 ಅಥವಾ ಅದಕ್ಕಿಂತ ಹೆಚ್ಚು, ಆದರೂ ಅದೇ ದೋಷ ಬರುತ್ತಿದೆಯೇ? ಹಾಗಾದರೆ ನಿಮ್ಮ ಕ್ವೆರಿಯಲ್ಲಿ (ಸರ್ವರ್‌ಗೆ ಕಳಿಸುವ ಪ್ರಶ್ನೆಯಲ್ಲಿ) ಸಾಲುಗಳ ಕ್ರಮ ಹೇಳುವ ‘ಆರ್ಡರ್ ಬೈ’ ಇಲ್ಲ. ಆಫ್‌ಸೆಟ್ ಎನ್ನುವುದು ಆರ್ಡರ್ ಬೈಯ ಬಾಲ. ಅದಿಲ್ಲದೆ ಹೊಸ ಸರ್ವರ್ ಕೂಡ 153ನೇ ದೋಷವನ್ನೇ ಕೊಡುತ್ತದೆ. ಆರ್ಡರ್ ಬೈ ಸೇರಿಸಿದರೆ ಮುಗಿಯಿತು.

ಬ್ಯಾಕಪ್

ಡೇಟಾಬೇಸ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಟಾಸ್ಕ್ಸ್’, ‘ಬ್ಯಾಕ್ ಅಪ್’. ಫೈಲನ್ನು ಅದೇ ಕಂಪ್ಯೂಟರಿನಲ್ಲಿ ಬಿಡದೆ ಬೇರೆ ಡಿಸ್ಕಿಗೆ ನಕಲು ಮಾಡಿ. ಕೋಡ್ ಮಾತ್ರ ತಿದ್ದುತ್ತೇವೆ ಎಂದರೂ ಇದು ಬೇಕು, ಅದು ರೈತರ ದುಡ್ಡಿನ ಲೆಕ್ಕ.

ಇವತ್ತಿನ ಪರಿಹಾರ: ಪ್ರೋಗ್ರಾಂಗೆ ಹಳೆಯ ಮಾತು ಕಲಿಸುವುದು

ಸೀಸನ್ ನಡುವೆ ಸರ್ವರ್ ಬದಲಿಸಲು ಹೋಗಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆಳಿಗ್ಗೆ ಹರಾಜು, ಸಂಜೆ ಲೋಡ್, ರಾತ್ರಿ ಲೆಕ್ಕ. ಕೌಂಟರ್ ನಿಲ್ಲಿಸಲು ಎಡೆಯೇ ಇರುವುದಿಲ್ಲ. ಸದ್ಯಕ್ಕೆ ಪ್ರೋಗ್ರಾಂ ಹಳೆಯ ರೀತಿಯಲ್ಲಿ ಕೇಳುವಂತೆ ಮಾಡಿದರೆ ಸಾಕು.

ಬಹಳ ಕಡೆ ದೋಷದ ಮೂಲ, ಪ್ರೋಗ್ರಾಂನ ಪರವಾಗಿ ಕ್ವೆರಿ ಬರೆದುಕೊಡುವ ಮೈಕ್ರೋಸಾಫ್ಟ್‌ನ ಎಂಟಿಟಿ ಫ್ರೇಮ್‌ವರ್ಕ್‌ನಲ್ಲಿರುತ್ತದೆ. ಬೆಂಗಳೂರಿನಲ್ಲೋ ಕೋಲಾರದಲ್ಲೋ ಕೂತ ಡೆವಲಪರ್‌ನ ಲ್ಯಾಪ್‌ಟಾಪಿನಲ್ಲಿ ಹೊಸ ಸರ್ವರ್ ಇರುತ್ತದೆ. ಅದರಿಂದ ಮಾಡೆಲ್ (ಡೇಟಾಬೇಸಿನ ನಕ್ಷೆ) ತಯಾರಿಸಿದಾಗ ‘ಇಡಿಎಂಎಕ್ಸ್’ ಫೈಲ್‌ನೊಳಗೆ ‘ಪ್ರೊವೈಡರ್ ಮ್ಯಾನಿಫೆಸ್ಟ್ ಟೋಕನ್’ ಎಂಬಲ್ಲಿ 2012 ಎಂದು ತಾನಾಗಿ ಬರೆದುಕೊಳ್ಳುತ್ತದೆ. ಮುಂದೆ ಎಲ್ಲಿ ಓಡಿಸಿದರೂ ಎದುರಿಗಿರುವುದು 2012 ಎಂದೇ ನಂಬಿ ಅದು ಆಫ್‌ಸೆಟ್ ಬಳಸುತ್ತದೆ. ಲ್ಯಾಪ್‌ಟಾಪಿನಲ್ಲಿ ಓಡಿ ಮಂಡಿಯಲ್ಲಿ ನಿಲ್ಲುವುದು ಇದರಿಂದಲೇ. ಆ ಫೈಲನ್ನು ಎಕ್ಸ್‌ಎಂಎಲ್ ಎಡಿಟರ್‌ನಲ್ಲಿ ತೆರೆದು 2012 ಇರುವಲ್ಲಿ 2008 ಎಂದು ತಿದ್ದಿ, ಮತ್ತೆ ಬಿಲ್ಡ್ ಮಾಡಿ, ಹೊಸ ಕಡತಗಳನ್ನು ಮಂಡಿಯ ಕಂಪ್ಯೂಟರಿಗೆ ಹಾಕಿ. ಮುಂದೆ ಯಾವಾಗಲಾದರೂ ‘ಅಪ್‌ಡೇಟ್ ಮಾಡೆಲ್ ಫ್ರಂ ಡೇಟಾಬೇಸ್’ ಒತ್ತಿದರೆ ಅದು ಮತ್ತೆ 2012 ಆಗುತ್ತದೆ. ಆದ್ದರಿಂದ ಪ್ರತಿ ಸಲ ಮಂಡಿಗೆ ಕಳಿಸುವ ಮುನ್ನ ಈ ಸಾಲು ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಡೆವಲಪರ್ ಏನನ್ನೂ ಬದಲಿಸದಿದ್ದರೂ ದೋಷ ಹೊಸದಾಗಿ ಹುಟ್ಟುವುದುಂಟು. ಫ್ರೇಮ್‌ವರ್ಕ್‌ನ 6.1.2ರಿಂದ ಆಫ್‌ಸೆಟ್ ಬಳಕೆ ಶುರುವಾಯಿತು. ಪ್ಯಾಕೇಜ್ ಅಪ್‌ಡೇಟ್ ಮಾಡಿದ ಮರುದಿನ ಪುಟಗಳು ನಿಂತ ಉದಾಹರಣೆಗಳಿವೆ.

ಇಎಫ್ ಕೋರ್ (ಎಂಟಿಟಿ ಫ್ರೇಮ್‌ವರ್ಕ್‌ನ ಹೊಸ ರೂಪ) ಬಳಸುವವರ ದಾರಿ ಬೇರೆ. ಅದರ 2ನೇ ಸರಣಿಯವರೆಗೆ ‘ಯೂಸ್ ರೋ ನಂಬರ್ ಫಾರ್ ಪೇಜಿಂಗ್’ ಎಂಬ ಆಯ್ಕೆಯಿತ್ತು, ಎಸ್‌ಕ್ಯುಎಲ್ ಸರ್ವರ್ ಹೊಂದಿಸುವ ಜಾಗದಲ್ಲಿ ಅದನ್ನು ಸೇರಿಸಿದರೆ ಆಯಿತು. 3.0ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಅಂಥ ಕಡೆ ಕ್ವೆರಿಯನ್ನು ಕೈಯಾರೆ ಬರೆಯಬೇಕು, ಇಲ್ಲವೇ ಸರ್ವರ್ ಬದಲಿಸಬೇಕು. ಜಾವಾ ಮತ್ತು ಅದರಲ್ಲಿ ಇದೇ ಕೆಲಸ ಮಾಡುವ ಹೈಬರ್ನೇಟ್ 5 ಇದ್ದರೆ ಡಯಲೆಕ್ಟ್ ಸೆಟ್ಟಿಂಗ್‌ನಲ್ಲಿ ‘ಎಸ್‌ಕ್ಯುಎಲ್ ಸರ್ವರ್ 2012 ಡಯಲೆಕ್ಟ್’ ಬದಲು ‘2008 ಡಯಲೆಕ್ಟ್’ ಕೊಡಿ.

ಕೈಯಾರೆ ಬರೆಯುವುದು ಕಷ್ಟವೇನಲ್ಲ. 2005ರಿಂದಲೂ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ರೋ_ನಂಬರ್ ಇದೆ. ಯಾರ್ಡಿನಲ್ಲಿ ಬಾಕ್ಸ್‌ಗಳಿಗೆ ಲಾಟ್ ನಂಬರ್ ಬರೆದು, ಆಮೇಲೆ ಇಂತಿಂಥ ನಂಬರಿನವು ಮಾತ್ರ ಬನ್ನಿ ಎಂದು ಕರೆದ ಹಾಗೆ, ಇದು ಸಾಲುಗಳಿಗೆ ಕ್ರಮಸಂಖ್ಯೆ ಹಾಕುತ್ತದೆ. ಮೂರನೇ ಪುಟದ ಕ್ವೆರಿ ಹೀಗಿರುತ್ತದೆ:

ವಿತ್ ಪುಟ ಆ್ಯಸ್ (ಸೆಲೆಕ್ಟ್ ರೋ_ನಂಬರ್() ಓವರ್ (ಆರ್ಡರ್ ಬೈ ದಿನಾಂಕ ಡೆಸ್ಕ್, ಪಟ್ಟಿಸಂಖ್ಯೆ ಡೆಸ್ಕ್) ಆ್ಯಸ್ ಕ್ರಮ, * ಫ್ರಂ ಪಟ್ಟಿಗಳು)
ಸೆಲೆಕ್ಟ್ * ಫ್ರಂ ಪುಟ ವೇರ್ ಕ್ರಮ ಬಿಟ್ವೀನ್ 41 ಆ್ಯಂಡ್ 60 ಆರ್ಡರ್ ಬೈ ಕ್ರಮ

ಡೆಸ್ಕ್ (DESC) ಎಂದರೆ ಇಳಿಕೆಯ ಕ್ರಮ, ಹೊಸದು ಮೊದಲು. ಪಟ್ಟಿಗಳು, ದಿನಾಂಕ, ಪಟ್ಟಿಸಂಖ್ಯೆ ಇರುವಲ್ಲಿ ನಿಮ್ಮ ಟೇಬಲ್ ಮತ್ತು ಕಾಲಂಗಳ ಹೆಸರು ಹಾಕಿ. ಪುಟದ ಸಂಖ್ಯೆಯಿಂದ ಒಂದು ಕಳೆದು 20ರಿಂದ ಗುಣಿಸಿ ಒಂದು ಕೂಡಿಸಿದರೆ ಮೊದಲ ಸಾಲಿನ ಕ್ರಮ. ಪುಟದ ಸಂಖ್ಯೆಯನ್ನು 20ರಿಂದ ಗುಣಿಸಿದರೆ ಕೊನೆಯದು. ‘ವಿತ್’ಗೆ ಮುಂಚೆ ಬೇರೆ ವಾಕ್ಯವಿದ್ದರೆ ಅದರ ಕೊನೆಗೆ ಸೆಮಿಕೋಲನ್ ಇರಲೇಬೇಕು. ಕೊನೆಯ ‘ಆರ್ಡರ್ ಬೈ ಕ್ರಮ’ವನ್ನೂ ಬಿಡಬೇಡಿ: ಸಂಖ್ಯೆ ಹಾಕಿದ ಮಾತ್ರಕ್ಕೆ ಸಾಲುಗಳು ಅದೇ ಕ್ರಮದಲ್ಲಿ ಬರುತ್ತವೆ ಎಂಬ ಖಾತ್ರಿಯಿಲ್ಲ.

ಕಣ್ತಪ್ಪುವ ದೋಷ

ದೋಷ ಸಂದೇಶ ಹೋಯಿತೆಂದು ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಆದರೆ ಸಂದೇಶವೇ ಬರದ ಇನ್ನೊಂದು ತಪ್ಪು ಪುಟಗಳ ನಡುವೆ ಕೂತಿರುತ್ತದೆ. ನನ್ನ ಮಟ್ಟಿಗೆ ಮೊದಲಿನದಕ್ಕಿಂತ ಇದೇ ಅಪಾಯದ್ದು.

ಮೇಲಿನ ಕ್ವೆರಿಯಲ್ಲಿ ದಿನಾಂಕದ ಜೊತೆ ಪಟ್ಟಿಸಂಖ್ಯೆಯನ್ನೂ ಸೇರಿಸಿದ್ದು ಗಮನಿಸಿ. ದಿನಾಂಕವೊಂದನ್ನೇ ಕೊಟ್ಟಿದ್ದರೆ? ಒಂದೇ ದಿನಾಂಕದ ಪಟ್ಟಿಗಳು ರಾಶಿ ಇರುತ್ತವೆ. ಅವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಸರ್ವರ್‌ಗೆ ನೀವು ಹೇಳಿಯೇ ಇಲ್ಲ. ಎರಡನೇ ಪುಟ ಕೇಳಿದಾಗ ಒಂದು ಕ್ರಮದಲ್ಲಿ ಜೋಡಿಸಬಹುದು, ಮೂರನೇ ಪುಟ ಕೇಳಿದಾಗ ಇನ್ನೊಂದು ಕ್ರಮದಲ್ಲಿ. ಆಗ ಮುಳಬಾಗಿಲಿನ ರೈತನ ಪಟ್ಟಿ ಎರಡೂ ಪುಟಗಳಲ್ಲಿ ಕಾಣಬಹುದು, ಮಾಲೂರಿನವನದು ಯಾವ ಪುಟದಲ್ಲೂ ಕಾಣದಿರಬಹುದು. ಡೇಟಾಬೇಸಿನಲ್ಲಿ ಅದು ಇದ್ದೇ ಇರುತ್ತದೆ. ಗುಮಾಸ್ತ ಮಾತ್ರ ಪುಟಗಳನ್ನೆಲ್ಲ ತಿರುವಿ ‘ನಿಮ್ಮ ಮಾಲು ಬಂದೇ ಇಲ್ಲವಲ್ಲಣ್ಣ’ ಎಂದುಬಿಡುತ್ತಾನೆ. ಆಫ್‌ಸೆಟ್ ಬಳಸಿದರೂ ಇದೇ ಕಥೆ. ಆರ್ಡರ್ ಬೈಯ ಕೊನೆಗೆ ಪ್ರತಿ ಸಾಲಿಗೂ ಬೇರೆಬೇರೆಯಾಗಿರುವ ಒಂದು ಕಾಲಂ ಇರಲೇಬೇಕು.

ಇನ್ನು, ಒಬ್ಬರು ಪುಟ ತಿರುವುತ್ತಿರುವಾಗ ಪಕ್ಕದ ಕೌಂಟರಿನಲ್ಲಿ ಹೊಸ ಪಟ್ಟಿಗಳು ಸೇರುತ್ತಿದ್ದರೆ ಎಲ್ಲಾ ಸಾಲುಗಳೂ ಕೆಳಕ್ಕೆ ಜರುಗುತ್ತವೆ, ಮೊದಲ ಪುಟದ ಕೊನೆಯ ಪಟ್ಟಿ ಎರಡನೆಯದರಲ್ಲಿ ಮತ್ತೆ ಕಾಣುತ್ತದೆ. ಇದಕ್ಕೆ ಒಳ್ಳೆಯ ಉಪಾಯವಿದೆ. ಎಷ್ಟು ಸಾಲು ಬಿಡಬೇಕು ಎಂದು ಹೇಳುವುದರ ಬದಲು, ಕೊನೆಗೆ ಕಂಡ ಪಟ್ಟಿಸಂಖ್ಯೆ ನೆನಪಿಟ್ಟುಕೊಂಡು ‘ಸೆಲೆಕ್ಟ್ ಟಾಪ್ (20) * ಫ್ರಂ ಪಟ್ಟಿಗಳು ವೇರ್ ಪಟ್ಟಿಸಂಖ್ಯೆ < 5120 ಆರ್ಡರ್ ಬೈ ಪಟ್ಟಿಸಂಖ್ಯೆ ಡೆಸ್ಕ್’ ಎಂದು ಕೇಳಿ. 5120 ಎಂಬಲ್ಲಿ ನಿಮ್ಮ ಪರದೆಯ ಕೊನೆಯ ಸಂಖ್ಯೆ. ಹಳೆಯ ಸರ್ವರ್‌ನಲ್ಲೂ ಹೊಸದರಲ್ಲೂ ಇದು ಓಡುತ್ತದೆ. ಪಟ್ಟಿಸಂಖ್ಯೆಗೆ ಇಂಡೆಕ್ಸ್ (ಬೇಗ ಹುಡುಕಲು ಸರ್ವರ್ ಇಟ್ಟುಕೊಳ್ಳುವ ಸೂಚಿ) ಇದ್ದರೆ ಸಾವಿರದ ಪುಟವೂ ಮೊದಲ ಪುಟದಷ್ಟೇ ಬೇಗ ಬರುತ್ತದೆ, ಏಕೆಂದರೆ ಬಿಡಬೇಕಾದ ಸಾಲುಗಳನ್ನು ಎಣಿಸುವ ಕೆಲಸವೇ ಇಲ್ಲ. ನೇರವಾಗಿ 37ನೇ ಪುಟಕ್ಕೆ ಹಾರಲು ಆಗುವುದಿಲ್ಲ ಎಂಬುದೊಂದೇ ಕೊರತೆ. ಪಟ್ಟಿ ಹುಡುಕುವವರು ಹೆಸರು, ದಿನಾಂಕದಿಂದ ಹುಡುಕುತ್ತಾರೆಯೇ ಹೊರತು ಪುಟದ ಸಂಖ್ಯೆಯಿಂದ ಅಲ್ಲ.

ನಿಮ್ಮ ಡೇಟಾಬೇಸ್ ಮೈಕ್ರೋಸಾಫ್ಟ್‌ನದಲ್ಲದೆ ಒರಾಕಲ್ ಆಗಿದ್ದರೆ ಆಫ್‌ಸೆಟ್ ಬಂದದ್ದು 12ಸಿ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯದರಲ್ಲಿ ರೋನಮ್ ಅಥವಾ ರೋ_ನಂಬರ್ ಬಳಸಬೇಕು. ಮೈಎಸ್‌ಕ್ಯುಎಲ್‌ನಲ್ಲಿ ತಿರುಗುಮುರುಗು: ‘ಲಿಮಿಟ್’ ಮೊದಲಿನಿಂದಲೂ ಇದೆ, ರೋ_ನಂಬರ್ ಬಂದದ್ದು 8.0ರಲ್ಲಿ.

ಸೀಸನ್ ಇಳಿದ ಮೇಲೆ: ಸರ್ವರ್ ಬದಲಿಸಿ

ಪ್ರೋಗ್ರಾಂ ತಿದ್ದಿ ದೋಷ ನಿಂತಿತೆಂದು ಹಳೆಯ ಸರ್ವರ್‌ನಲ್ಲೇ ವರ್ಷಗಟ್ಟಲೆ ಉಳಿಯಬೇಡಿ. 2008 ಮತ್ತು 2008 ಆರ್2 ಆವೃತ್ತಿಗಳ ವಿಸ್ತೃತ ಬೆಂಬಲ 2019ರ ಜುಲೈ 9ಕ್ಕೆ ಮುಗಿದಿದೆ. ಆಫ್‌ಸೆಟ್ ಸಿಗುತ್ತದೆಂದು 2012ಕ್ಕೆ ಹೋಗುವುದೂ ವ್ಯರ್ಥ, ಅದರದ್ದು 2022ರ ಜುಲೈ 12ಕ್ಕೆ ಮುಗಿಯಿತು. 2014ರದ್ದು 2024ರ ಜುಲೈ 9ಕ್ಕೆ. ಹೋಗುವುದಾದರೆ 2022ಕ್ಕೆ ಹೋಗಿ. ಅದರ ಉಚಿತ ರೂಪವಾದ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್ 10 ಜಿಬಿವರೆಗೆ ಬೆಳೆಯಬಹುದು, ಬಹುತೇಕ ಮಂಡಿಗಳ ಲೆಕ್ಕಕ್ಕೆ ಧಾರಾಳ. 2008 ಎಕ್ಸ್‌ಪ್ರೆಸ್‌ನಲ್ಲಿ ಇದ್ದದ್ದು 4 ಜಿಬಿ ಮಾತ್ರ.

ಹಳೆಯ ಕಂಪ್ಯೂಟರಿನ ಮೇಲೆಯೇ ಅಪ್‌ಗ್ರೇಡ್ ಮಾಡಲು ಹೋಗಬೇಡಿ. 2016ರಿಂದ ಈಚೆಗೆ 32 ಬಿಟ್‌ನ ಎಸ್‌ಕ್ಯುಎಲ್ ಸರ್ವರ್ ಇಲ್ಲ, 2022 ಅಂತೂ ವಿಂಡೋಸ್ 7ರ ಮೇಲೆ ಕೂರುವುದೇ ಇಲ್ಲ. ಬೇರೆ ಕಂಪ್ಯೂಟರಿನಲ್ಲಿ ಹೊಸದನ್ನು ಹಾಕಿ, ಹಳೆಯ ಬ್ಯಾಕಪ್ಪನ್ನು ಅಲ್ಲಿ ರೀಸ್ಟೋರ್ ಮಾಡಿ, ನಾಲ್ಕು ದಿನ ಪರೀಕ್ಷಿಸಿ. ಹಳೆಯ ಬ್ಯಾಕಪ್ ಹೊಸದರಲ್ಲಿ ತೆರೆಯುತ್ತದೆ, ಹೊಸದರ ಬ್ಯಾಕಪ್ ಹಳೆಯದರಲ್ಲಿ ತೆರೆಯುವುದಿಲ್ಲ. ಹಿಂದಿರುಗುವ ದಾರಿ ಇಲ್ಲವಾದ್ದರಿಂದಲೇ ಹಳೆಯ ಯಂತ್ರ ಹಾಗೇ ಇರಲಿ.

ರೀಸ್ಟೋರ್ ಆದ ಮೇಲೆ ಲಾಗಿನ್ ಆಗದಿದ್ದರೆ ಗಾಬರಿ ಬೇಡ. ಡೇಟಾಬೇಸಿನೊಳಗಿನ ಯೂಸರ್ ಬಂದಿರುತ್ತಾನೆ, ಸರ್ವರ್ ಮಟ್ಟದ ಲಾಗಿನ್ ಬಂದಿರುವುದಿಲ್ಲ. ಲಾಗಿನ್ ಹೊಸದಾಗಿ ಸೃಷ್ಟಿಸಿ, ‘ಆಲ್ಟರ್ ಯೂಸರ್ … ವಿತ್ ಲಾಗಿನ್ = …’ ಎಂದು ಎರಡನ್ನೂ ಜೋಡಿಸಿ. ಸರ್ವರ್ ಯಂತ್ರದಲ್ಲಿ ತೆರೆದು ಪಕ್ಕದ ಕೌಂಟರುಗಳಲ್ಲಿ ತೆರೆಯದಿದ್ದರೆ ಕಾನ್ಫಿಗರೇಷನ್ ಮ್ಯಾನೇಜರ್‌ಗೆ ಹೋಗಿ: ಎಕ್ಸ್‌ಪ್ರೆಸ್‌ನಲ್ಲಿ ಟಿಸಿಪಿ/ಐಪಿ ಮೊದಲಿಗೆ ಮುಚ್ಚಿರುತ್ತದೆ. ಅದನ್ನು ತೆರೆದು ಸರ್ವಿಸ್ ರೀಸ್ಟಾರ್ಟ್ ಮಾಡಿ, ಎಸ್‌ಕ್ಯುಎಲ್ ಬ್ರೌಸರ್ ಸರ್ವಿಸ್ ಚಾಲೂ ಮಾಡಿ, ಫೈರ್‌ವಾಲ್‌ನಲ್ಲಿ ಅನುಮತಿ ಕೊಡಿ. 2008ರಿಂದ ಬಂದ ಡೇಟಾಬೇಸಿನ ಕಂಪ್ಯಾಟಿಬಿಲಿಟಿ ಲೆವೆಲ್ (ಯಾವ ಆವೃತ್ತಿಯಂತೆ ನಡೆದುಕೊಳ್ಳಬೇಕೆಂಬ ಸೂಚನೆ) 100ರಲ್ಲೇ ಉಳಿದಿರುತ್ತದೆ, ಪರೀಕ್ಷೆಯೆಲ್ಲ ಮುಗಿದ ಮೇಲೆ 160ಕ್ಕೆ ಏರಿಸಿ ಸ್ಟ್ಯಾಟಿಸ್ಟಿಕ್ಸ್ ಅಪ್‌ಡೇಟ್ ಮಾಡಿ.

ಬದಲಾಯಿಸುವ ದಿನ ಎಲ್ಲಾ ಕೌಂಟರುಗಳೂ ಪ್ರೋಗ್ರಾಂ ಮುಚ್ಚಲಿ. ಕೊನೆಯ ಬ್ಯಾಕಪ್ ತೆಗೆದು, ಕೂಡಲೇ ಹಳೆಯ ಡೇಟಾಬೇಸನ್ನು ‘ಆಲ್ಟರ್ ಡೇಟಾಬೇಸ್ … ಸೆಟ್ ರೀಡ್_ಓನ್ಲಿ’ ಎಂದು ಬೀಗ ಹಾಕಿ. ಹೊಸದರಲ್ಲಿ ರೀಸ್ಟೋರ್ ಮಾಡಿ, ಎರಡೂ ಕಡೆ ಪಟ್ಟಿಗಳ ಒಟ್ಟು ಎಣಿಕೆ, ಕೊನೆಯ ಪಟ್ಟಿಸಂಖ್ಯೆ, ರೈತರಿಗೆ ಕೊಡಬೇಕಾದ ಬಾಕಿಯ ಮೊತ್ತ ತಾಳೆ ನೋಡಿ. ಯಾವುದಾದರೂ ಕೌಂಟರಿನ ಕನೆಕ್ಷನ್ ಸ್ಟ್ರಿಂಗ್ ತಿದ್ದುವುದು ಮರೆತಿದ್ದರೆ ಮರುದಿನ ಮೊದಲ ಪಟ್ಟಿ ಉಳಿಸುವಾಗಲೇ ಅದು ನಿಲ್ಲುತ್ತದೆ; ಅಲ್ಲಿ ಹೊಸ ಸರ್ವರ್‌ನ ಹೆಸರು ಹಾಕಿ.